ಎಂಟು ಒಂದುಗಳ ಸರ

ಫೋನಿನಲ್ಲಿ ಕ್ಯಾಲ್ಕುಲೇಟರ್ ತೆಗೆಯಿರಿ. 152207 ಒತ್ತಿ, 73ರಿಂದ ಗುಣಿಸಿ. 11111111 ಬಂತಲ್ಲ? ಎಂಟು ಒಂದುಗಳು, ಸಾಲಾಗಿ.

ಈ ಲೆಕ್ಕ ಕೊಟ್ಟವರು ಮಹಾವೀರಾಚಾರ್ಯರು. ತೀರ್ಥಂಕರ ಮಹಾವೀರರಲ್ಲ, 9ನೇ ಶತಮಾನದ ಜೈನ ಗಣಿತಜ್ಞರು. ಸುಮಾರು 850ರಲ್ಲಿ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದ ಆರಂಭದಲ್ಲೇ ಅವರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾರೆ. ನಮ್ಮ ಸೀಮೆಯೂ ಆಗ ಅದೇ ದೊರೆಯ ಕೈಯಲ್ಲಿತ್ತು. ದೇವಣ್ಣಯ್ಯ ಎಂಬ ಅಧಿಕಾರಿ ಅಣ್ಣಿಗೇರಿಯಲ್ಲಿದ್ದು ಬೆಳ್ವೊಲ-300 ನಾಡನ್ನು ಆಳುತ್ತಿದ್ದ ಎಂದು 866ರ ಶಾಸನ ಹೇಳುತ್ತದೆ.

ಪುಸ್ತಕದಲ್ಲಿ ಈ ಲೆಕ್ಕ ಬರುವುದು ಗುಣಾಕಾರ ಕಲಿಸುವ ಭಾಗದಲ್ಲಿ. ಇಂಥ ಉತ್ತರಗಳನ್ನು ಅವರು ಕೊರಳ ಹಾರಕ್ಕೆ, ಕಂಠಾಭರಣಕ್ಕೆ ಹೋಲಿಸುತ್ತಾರೆ. ಇನ್ನೂ ಇವೆ: 139ನ್ನು 109ರಿಂದ ಗುಣಿಸಿದರೆ 15151. 142857143ನ್ನು 7ರಿಂದ ಗುಣಿಸಿದರೆ 1000000001. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ ಸಂಖ್ಯೆ.

ಗುಣಿಸುವುದು ಸುಲಭ. ಆದರೆ ಲೆಕ್ಕ ಕಟ್ಟುವವರು ಹಿಂದಿನಿಂದ ಬರಬೇಕು: 11111111 ಯಾವುದರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ? ಅದು 1111 ಮತ್ತು 10001ರ ಗುಣಲಬ್ಧ. 1111 ಅಂದರೆ 11 ಗುಣಿಸು 101, ಇಲ್ಲಿಯವರೆಗೆ ಕಷ್ಟವಿಲ್ಲ. 10001 ಮಾತ್ರ ಜಗ್ಗುವುದಿಲ್ಲ. 2, 3, 5, 7, 11 ಎಂದು ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸುತ್ತ ಹೋದರೆ 20 ಸಲ ಶೇಷ ಉಳಿಯುತ್ತದೆ. 21ನೆಯದು 73. ಆಗ ಒಡೆಯುತ್ತದೆ: 73 ಗುಣಿಸು 137. ಇನ್ನು 11, 101, 137 ಮೂರನ್ನೂ ಗುಣಿಸಿ ನೋಡಿ, 152207 ಸಿಗುತ್ತದೆ.

ಕ್ಯಾಲ್ಕುಲೇಟರ್ ಇಲ್ಲದ ಕಾಲ. ಹಲಗೆಯ ಮೇಲೆ ಬರೆದು ಮಾಡುವ ಲೆಕ್ಕಕ್ಕೆ ಆಗ ‘ಪಾಟೀಗಣಿತ’ ಎನ್ನುತ್ತಿದ್ದರು. ನಮ್ಮಲ್ಲಿ ಸ್ಲೇಟಿಗೆ ಈಗಲೂ ಪಾಟಿ ಎನ್ನುತ್ತೇವಲ್ಲ!

ದೊಡ್ಡ ಸಂಖ್ಯೆಯನ್ನು ಒಡೆಯುವ ಈ ಕಷ್ಟವೇ ಇಂದು ಬೀಗವಾಗಿದೆ. 1977ರಲ್ಲಿ ರೂಪುಗೊಂಡ ಆರ್‌ಎಸ್‌ಎ ವಿಧಾನದಲ್ಲಿ ಎರಡು ಭಾರಿ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವನ್ನು ಎಲ್ಲರಿಗೂ ಕಾಣುವಂತೆ ಇಡುತ್ತಾರೆ. ಅದನ್ನು ಒಡೆಯಲಾಗದಿರುವುದರಿಂದಲೇ ಗುಟ್ಟು ಉಳಿಯುತ್ತದೆ. ಇದನ್ನೂ ಮಹಾವೀರಾಚಾರ್ಯರೇ ಕಂಡುಹಿಡಿದರು ಎಂದು ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಅದು ಸುಳ್ಳು. ಅವರು ತಪ್ಪಿದ್ದೂ ಉಂಟು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ಬರೆದರು. ನಿಮ್ಮ ಫೋನು ಅದನ್ನು ಒಪ್ಪುವುದಿಲ್ಲ.

ಆದರೆ ‘ಗಣಿತ ನಮ್ಮ ಹಳ್ಳಿ ಹುಡುಗರಿಗೆ ಹತ್ತೂದಿಲ್ಲ ಬಿಡ್ರಿ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಈ 73 ನೆನಪಾಗುತ್ತದೆ. ಪದ್ಮಾವತಮ್ಮ ಅವರ ಕನ್ನಡ ಅನುವಾದದೊಂದಿಗೆ ಗಣಿತಸಾರಸಂಗ್ರಹ 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಇವತ್ತು ಸಂಜೆ 12345679 ಬರೆದುಕೊಟ್ಟು 9ರಿಂದ ಗುಣಿಸಲು ಹೇಳಿ. ಅದೂ ಅವರದೇ ಲೆಕ್ಕ. 8 ಬಿಟ್ಟುಹೋಗಿದೆ ಎಂದು ತಿದ್ದಬೇಡಿ, ಅದು ಇರಬಾರದು.