ಹಿಟ್ಟು ಹುಳಿ ಬಂದ ಚರಿತ್ರೆ

ಅಷ್ಟಮಿ, ಚೌತಿ ಹತ್ತಿರವಾದರೆ ಮಂಗಳೂರಿನ ಕಾರ್‌ಸ್ಟ್ರೀಟ್ ಸುತ್ತ ಆವಿಯಲ್ಲಿ ಬೇಯಿಸುವ ಮೂಡೆ ಎಂಬ ತಿನಿಸಿನ ಕೊಟ್ಟೆಗಳು ಮಾರಾಟಕ್ಕೆ ಬರುತ್ತವೆ. ಮುಂಡಕನ ಓಲೆಯ ಮುಳ್ಳು ತೆಗೆದು, ಬೆಂಕಿಯಲ್ಲಿ ಬಾಡಿಸಿ, ಕೊಳವೆಯಾಗಿ ಸುತ್ತಿ, ಕಡ್ಡಿ ಚುಚ್ಚಿ ಕಟ್ಟಿದ ಕೊಟ್ಟೆಗಳವು. ಆ ಕೈಕೆಲಸವನ್ನು ಎಲ್ಲರೂ ಮೆಚ್ಚುತ್ತಾರೆ; ಅದರೊಳಗೆ ಹೊಯ್ಯುವ ಅಕ್ಕಿ-ಉದ್ದಿನ ಹಿಟ್ಟು ಹೇಗೆ ಬಂತೆಂದು ಕೇಳುವವರು ಕಡಿಮೆ. ಸುಮಾರು 920ರ 'ವಡ್ಡಾರಾಧನೆ'ಯಲ್ಲಿ ಇಡ್ಲಿಯ ಹಳೆಯ ರೂಪವಾದ ಇಡ್ಡಲಿಗೆಯ ಹೆಸರಿದೆ. ಸುಮಾರು 1025ರಲ್ಲಿ ಚಾವುಂಡರಾಯ 'ಲೋಕೋಪಕಾರ'ದಲ್ಲಿ ಹೇಳುವ ಪಾಕದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ, ಮೊಸರಿನ ತಿಳಿ, ಇಂಗು, ಜೀರಿಗೆ, ಮೆಣಸು ಸೇರಿಸುತ್ತಾರೆ. ಅಲ್ಲಿ ಅಕ್ಕಿಯಿಲ್ಲ, ರಾತ್ರಿಯಿಡೀ ಹುದುಗಿಸುವ ಮಾತೂ ಇಲ್ಲ. ಹುಳಿಯನ್ನು ಹೊರಗಿನಿಂದ ಬೆರೆಸುತ್ತಿದ್ದ ಅಡುಗೆ ಮುಂದೆ ಹಿಟ್ಟನ್ನೇ ಹುಳಿ ಬರಿಸುವ ಅಡುಗೆಯಾಯಿತು. ಗೋವಾದಿಂದ ಬಂದು ನೆಲೆಸಿದ ಕ್ರೈಸ್ತರು ಸನ್ನಾ ಎಂಬ ಇಡ್ಲಿಯಂಥ ತಿನಿಸಿನ ಹಿಟ್ಟಿಗೆ ಕಳ್ಳು ಹಾಕಿ, ಅದರ ಯೀಸ್ಟಿನಿಂದ ಉಬ್ಬಿಸಿದರು. ನಮ್ಮ ಊಟದ ಚರಿತ್ರೆಯಲ್ಲಿ ಹಿಟ್ಟನ್ನೇ ಹೀಗೆ ಹುಳಿ ಬರಿಸಿದ್ದಕ್ಕಿಂತ ದೊಡ್ಡ ತಿರುವಿಲ್ಲ ಎಂಬುದು ನನ್ನ ವಾದ.

ಆ ತಿರುವಿನ ಬೆಲೆ ತಿಳಿಯಲು, ಸೂಕ್ಷ್ಮಜೀವಿಗಳ ಕೆಲಸ ಹೊಟ್ಟೆಯೊಳಗೆ ನಡೆಯಬೇಕಾದ ಸೋಯಾ ಅವರೆಯತ್ತ ನೋಡಬೇಕು. ಸೋಯಾದಲ್ಲಿರುವ ಡೈಡ್ಜೀನ್ ಎಂಬ ವಸ್ತುವನ್ನು ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಈಕ್ವಾಲ್ ಆಗಿ ಮಾರ್ಪಡಿಸುತ್ತವೆ. 1932ರಲ್ಲಿ ಗಬ್ಬದ ಕುದುರೆಯ ಮೂತ್ರದಲ್ಲಿ ಮೊದಲು ಸಿಕ್ಕ ಈ ವಸ್ತು ಈಸ್ಟ್ರೊಜನ್ನಿನಂತೆ ಅಲ್ಪಸ್ವಲ್ಪ ವರ್ತಿಸುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈಯೆಲ್ಲ ಬಿಸಿಯೇರುವ ತೊಂದರೆಯನ್ನು ತಕ್ಕಮಟ್ಟಿಗೆ ತಗ್ಗಿಸಬಲ್ಲದೆಂಬುದಕ್ಕೆ ಆಧಾರಗಳಿವೆ. ಆದರೆ ಅಂಥ ಬ್ಯಾಕ್ಟೀರಿಯಾ ಎಲ್ಲರಲ್ಲೂ ಇಲ್ಲ. ಜಪಾನ್, ಕೊರಿಯಾಗಳಲ್ಲಿ ಸುಮಾರು ಅರ್ಧದಷ್ಟು ಜನ ಈಕ್ವಾಲ್ ತಯಾರಿಸಬಲ್ಲರು, ಪಾಶ್ಚಾತ್ಯ ದೇಶಗಳಲ್ಲಿ ಕಾಲುಭಾಗದ ಆಸುಪಾಸು. ಒಂದೇ ಸೋಯಾ ಉಂಡ ಇಬ್ಬರಿಗೆ ಒಂದೇ ಫಲ ಸಿಗುವುದಿಲ್ಲ. ಮೂಡೆಯ ಹಿಟ್ಟಿನಲ್ಲಿ ಸೂಕ್ಷ್ಮಜೀವಿಗಳ ಕೆಲಸ ಹೊಟ್ಟೆಗೆ ಹೋಗುವ ಮೊದಲೇ ನಡೆಯುತ್ತದೆ. ಲ್ಯೂಕೊನೊಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳು ಹಿಟ್ಟನ್ನು ಉಬ್ಬಿಸಿ ಹುಳಿ ಬರಿಸುತ್ತವೆ. ಹುಳಿ ಏರುತ್ತಿದ್ದಂತೆ ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಂಡ ಫೈಟೇಟ್ ಒಡೆದು ಕಡಿಮೆಯಾಗಿ, ಆ ಖನಿಜಗಳು ಮೈಗೆ ಹೆಚ್ಚು ದಕ್ಕುತ್ತವೆ. ಈ ಲಾಭ ಪಾತ್ರೆಯಲ್ಲೇ ಸಿದ್ಧವಾಗುವುದರಿಂದ ಉಣ್ಣುವವರ ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ಇದೆ, ಯಾವುದಿಲ್ಲ ಎಂಬ ಲೆಕ್ಕಕ್ಕೆ ಕಾಯುವುದಿಲ್ಲ.

ಉದ್ದಿನಲ್ಲಿ ಸೋಯಾದಷ್ಟು ಡೈಡ್ಜೀನ್ ಎಲ್ಲಿದೆ, ಆವಿಯಲ್ಲಿ ಬೆಂದ ಮೇಲೆ ಯಾವ ಬ್ಯಾಕ್ಟೀರಿಯಾ ಬದುಕಿರುತ್ತದೆ ಎಂದು ಕೇಳಬಹುದು. ಎರಡೂ ಆಕ್ಷೇಪ ಸರಿಯೇ. ಆದ್ದರಿಂದ ಮೂಡೆಯನ್ನು ಸೋಯಾಕ್ಕೆ ಬದಲಿಯೆಂದೋ, ಜೀವಂತ ಬ್ಯಾಕ್ಟೀರಿಯಾ ಕೊಡುವ ತಿನಿಸೆಂದೋ ಹೊಗಳುವುದು ತಪ್ಪು. ಆದರೆ ಸಾಯುವ ಮೊದಲು ಅವು ಮಾಡಿಟ್ಟ ಕೆಲಸವನ್ನು ಆವಿ ಅಳಿಸುವುದಿಲ್ಲ. ಸೋಡಾ ಹಾಕಿದ ದಿಢೀರ್ ಹಿಟ್ಟಿನಲ್ಲಿ ಆ ಕೆಲಸ ನಡೆದೇ ಇರುವುದಿಲ್ಲ, ಬರೀ ಗಾಳಿ ತುಂಬಿರುತ್ತದೆ. ಸಾಲದ್ದಕ್ಕೆ ಸೋಡಾದ ಕ್ಷಾರ ಬಿ1 ಜೀವಸತ್ವವನ್ನೂ ಕೆಡಿಸುತ್ತದೆ. ಈ ಸಲ ಅಷ್ಟಮಿಗೆ ಕೊಟ್ಟೆಯನ್ನು ಪೇಟೆಯಿಂದಲೇ ತನ್ನಿ, ಹಿಟ್ಟನ್ನು ಮಾತ್ರ ಹಿಂದಿನ ಸಂಜೆಯೇ ರುಬ್ಬಿಡಿ.