ಅನುಕೂಲ ಗಾಳಿಯವರು ದಾರಿ ಬಿಡಬೇಕು

ನಮ್ಮ ರಸ್ತೆಗಳಲ್ಲಿ ಬಿಳಿ ಗೆರೆಗಳಿವೆ, ದೀಪದ ಕಂಬಗಳಿವೆ, ಪೇದೆಯ ಸೀಟಿ ಇದೆ. ಇಷ್ಟೆಲ್ಲ ಇದ್ದೂ ಎದುರಿಗೆ ಲಾರಿ ಬಂದರೆ ಸೈಕಲ್ಲಿನವನು ಮಣ್ಣಿಗೆ ಇಳಿಯುತ್ತಾನೆ. ಹಾಗಿರುವಾಗ ಗೆರೆಯನ್ನೇ ಎಳೆಯಲಾಗದ ನೀರಿನ ಮೇಲೆ, ಒಂದು ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಗಾಳ ಹಾಕಿ ಕೂತವನಿಗೆ ಎಂಜಿನ್ ಬೋಟಿನವನು ದಾರಿ ಬಿಡಬೇಕೆಂದು ಹೇಳುವವರು ಯಾರು? ಪ್ರಶ್ನೆ ಚಿಕ್ಕದೆಂದು ಕಾಣಬಹುದು. ಆದರೆ ಉತ್ತರ ಹುಡುಕುತ್ತ ಹೊರಟರೆ ಸುಮಾರು ಇನ್ನೂರು ವರ್ಷಗಳ ಚರಿತ್ರೆಯೊಂದು ತೆರೆದುಕೊಳ್ಳುತ್ತದೆ. ಬಲ ಇರುವವನೂ ಇಲ್ಲದವನೂ ಒಂದೇ ಜಾಗವನ್ನು ಹಂಚಿಕೊಂಡು ಬಾಳುವುದು ಹೇಗೆ ಎಂಬುದರ ಚರಿತ್ರೆ ಅದು.

ಮೊದಲು ಕಯಾಕ್ ಎಂಬ ದೋಣಿಯ ಮಾತು. ಇಂದು ಅದು ಕೆಂಪು, ಹಳದಿ ಬಣ್ಣದ ಪ್ಲಾಸ್ಟಿಕ್ ದೋಣಿಯಾಗಿ ನಮಗೆ ಪರಿಚಿತ. ಉಡುಪಿ ಜಿಲ್ಲೆಯ ಕಾಂಡ್ಲಾ ಕಾಡುಗಳ ನಡುವಿನ ಹಿನ್ನೀರಿನಲ್ಲೂ ಪ್ರವಾಸಿಗರು ಅದರಲ್ಲಿ ಕೂತು ಸುತ್ತಾಡುತ್ತಾರೆ. ಆದರೆ ಕಯಾಕ್ ಹುಟ್ಟಿದ್ದು ಆಟಕ್ಕಾಗಿ ಅಲ್ಲ. ಗ್ರೀನ್‌ಲ್ಯಾಂಡ್, ಉತ್ತರ ಕೆನಡಾ, ಅಲಾಸ್ಕಾ ತೀರಗಳಲ್ಲಿ ಬಾಳಿದ ಇನ್ಯೂಟ್ ಮೊದಲಾದ ಜನರು ಅದನ್ನು ಹೊಟ್ಟೆಪಾಡಿಗಾಗಿ ಕಟ್ಟಿದರು. ಆ ಹಿಮದ ತೀರಗಳಲ್ಲಿ ದೋಣಿಗೆ ಆಗುವಂಥ ಮರ ಸಿಗುವುದು ದುರ್ಲಭ. ಅಲೆಗಳು ತಂದು ಹಾಕಿದ ಮರ, ತಿಮಿಂಗಿಲದ ಮೂಳೆ ಇವುಗಳಿಂದ ಹಂದರ ಕಟ್ಟಿ, ಅದರ ಮೇಲೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಹೊಲಿದರೆ ದೋಣಿ ಸಿದ್ಧ. ಅದರಲ್ಲಿ ಕೂತವನು ಬೇಟೆಯ ಹತ್ತಿರಕ್ಕೆ ಸದ್ದಿಲ್ಲದೆ, ಕಣ್ಣಿಗೆ ಬೀಳದೆ ಹೋಗಬೇಕಿತ್ತು. ಅಲೂಷಿಯನ್ ದ್ವೀಪಗಳ ಬೇಟೆಗಾರರು ಈ ಕಲೆಯಲ್ಲಿ ಎಷ್ಟು ನುರಿತಿದ್ದರೆಂದರೆ, ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಗೆ ಬಂದ ರಷ್ಯದ ತುಪ್ಪಳದ ವ್ಯಾಪಾರಿಗಳು ತಾವು ಬೇಟೆಗಿಳಿಯುವ ಬದಲು ಅವರನ್ನೇ ಬಲವಂತವಾಗಿ ಕಡಲ ನೀರುನಾಯಿಗಳ ಹಿಂದೆ ಅಟ್ಟಿದರು.

ಕಾಣದಿರುವುದು, ಕೇಳದಿರುವುದು ಈ ದೋಣಿಯ ಮೂಲ ಗುಣ. ಆ ಕಡಲಿನಲ್ಲಿ ಅದು ಅನ್ನ ಕೊಟ್ಟಿತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ತೀರದಲ್ಲಿ, ಒಳಗೆ ಕಾಲು ತೂರಿಸುವ ಬದಲು ಮೇಲೆಯೇ ಕೂರಬಹುದಾದ ಕಯಾಕ್ ರೂಪುಗೊಂಡಿತು. ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕತೊಡಗಿದ ಮೇಲೆ ಅದು ಅಗ್ಗವೂ ಆಯಿತು. ಗಾಳದ ಹವ್ಯಾಸಿಗಳು ಅದನ್ನು ಮೆಚ್ಚಿಕೊಂಡರು. ಆದರೆ ಅವರು ಇಳಿದ ನೀರು ಬೇಟೆಗಾರನೊಬ್ಬನೇ ಇದ್ದ ಹಿಮದ ಕಡಲಾಗಿರಲಿಲ್ಲ. ಅಲ್ಲಿ ಎಂಜಿನ್ ಬೋಟುಗಳಿದ್ದವು. ಬೇಟೆಗಾರನ ಪ್ರಾಣ ಉಳಿಸಿದ ಗುಣವೇ ಇಲ್ಲಿ ಪ್ರಾಣಕ್ಕೆ ಎರವಾಯಿತು.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಬರುವ ಬೋಟು ಅರ್ಧ ಕಿಲೋಮೀಟರ್ ದೂರವನ್ನು 40 ಸೆಕೆಂಡುಗಳಲ್ಲಿ ಮುಗಿಸುತ್ತದೆ. ಗಂಟೆಗೆ 5 ಕಿಲೋಮೀಟರ್ ಸಾಗುವ ಕಯಾಕ್ ಅಷ್ಟು ಹೊತ್ತಿನಲ್ಲಿ 55 ಮೀಟರ್ ಹೋಗಬಹುದು, ಅಷ್ಟೆ. ಅದರಲ್ಲಿ ಕೂತವನ ತಲೆ ನೀರಿನಿಂದ ಒಂದು ಮೀಟರ್ ಎತ್ತರವೂ ಇರುವುದಿಲ್ಲ. ಅಲೆಯೊಂದು ಅಡ್ಡ ಬಂದರೆ ಮನುಷ್ಯ ಮಾಯ. ವೇಗ ಹಿಡಿದ ಬೋಟಿನ ಮೂತಿ ಮೇಲೇಳುವುದರಿಂದ, ಚುಕ್ಕಾಣಿ ಹಿಡಿದವನಿಗೆ ತನ್ನ ಮುಂದಿನ ನೀರೇ ಸರಿಯಾಗಿ ಕಾಣುವುದಿಲ್ಲ. ಪ್ಲಾಸ್ಟಿಕ್ ಆಗಲಿ ಮರವಾಗಲಿ ರಾಡಾರಿನ ತೆರೆಯ ಮೇಲೆ ಚೆನ್ನಾಗಿ ಮೂಡುವುದಿಲ್ಲ. ಅಂದರೆ ಚಿಕ್ಕವನಿಗೆ ತಪ್ಪಿಸಿಕೊಳ್ಳುವ ವೇಗವಿಲ್ಲ, ದೊಡ್ಡವನಿಗೆ ನೋಡುವ ಕಣ್ಣಿಲ್ಲ.

ಬಲ ಇಷ್ಟು ಅಸಮವಾಗಿರುವಲ್ಲಿ ದಾರಿ ಯಾರದು? ಹಾಯಿಹಡಗುಗಳ ಕಾಲದಲ್ಲಿ ನಾವಿಕರು ಇದಕ್ಕೆ ಗಾಳಿಯನ್ನೇ ಅಳತೆಗೋಲು ಮಾಡಿಕೊಂಡಿದ್ದರು. ಯಾರಿಗೆ ಗಾಳಿ ಅನುಕೂಲವಾಗಿದೆಯೋ ಅವರು, ಗಾಳಿಗೆ ಎದುರಾಗಿ ಏಗುತ್ತಿರುವವರಿಗೆ ದಾರಿ ಬಿಡಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಉಗಿಹಡಗು ಬಂದಾಗ ಈ ಲೆಕ್ಕ ತಪ್ಪಿತು. ಗಾಳಿಯ ಹಂಗೇ ಇಲ್ಲದ ಹಡಗನ್ನು ಯಾವ ಸಾಲಿನಲ್ಲಿ ನಿಲ್ಲಿಸುವುದು? ಇಂಗ್ಲೆಂಡಿನ ದೀಪಸ್ತಂಭಗಳ ಮೇಲ್ವಿಚಾರಣೆ ನಡೆಸುತ್ತಿದ್ದ ಟ್ರಿನಿಟಿ ಹೌಸ್ ಸಂಸ್ಥೆ 1840ರಲ್ಲಿ ಇದಕ್ಕೊಂದು ಸರಳ ಉತ್ತರ ಕೊಟ್ಟಿತು. ಉಗಿಹಡಗೆಂದರೆ ಅನುಕೂಲ ಗಾಳಿಯಲ್ಲಿ ಸಾಗುತ್ತಿರುವ ಹಡಗೆಂದೇ ಭಾವಿಸಬೇಕು. ಆದ್ದರಿಂದ ಗಾಳಿಗೆದುರು ಸಾಗುವ ಹಾಯಿಹಡಗಿಗೆ ಅದು ದಾರಿ ಬಿಡಬೇಕು.

ಈ ಮಾತಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆನಿಸುತ್ತದೆ. ಹೊಸ ಯಂತ್ರದ ಬೆರಗು ಇನ್ನೂ ಮಾಸದ ಕಾಲ ಅದು. ಉಗಿ ಎಂದರೆ ಪ್ರಗತಿ, ಉಗಿ ಎಂದರೆ ಲಾಭ. ಆ ಯಂತ್ರ ಹತ್ತಿದವನಿಗೆ ಮೊದಲ ದಾರಿ ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. ನಿನ್ನ ಕೈಯಲ್ಲಿ ತಿರುಗುವ, ನಿಲ್ಲುವ ಶಕ್ತಿ ಹೆಚ್ಚಿದೆ, ಆದ್ದರಿಂದ ಹೊಣೆಯೂ ನಿನ್ನದೇ ಎಂದರು. ಬ್ರಿಟನ್ 1846ರಲ್ಲಿ ಉಗಿಹಡಗುಗಳಿಗಾಗಿ ಕಾನೂನು ತಂದಿತು. 1863ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಒಂದೇ ಬಗೆಯ ನಿಯಮಗಳನ್ನು ಜಾರಿಗೆ ತಂದವು. 1889ರ ವಾಷಿಂಗ್ಟನ್ ಸಮ್ಮೇಳನದಲ್ಲಿ ಹಲವು ದೇಶಗಳು ಕೂತು ಅವನ್ನು ತಿದ್ದಿದವು. 1972ರಲ್ಲಿ ಲಂಡನ್ನಿನಲ್ಲಿ ಒಪ್ಪಿ, 1977ರ ಜುಲೈನಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ನಿಯಮಗಳೇ ಈಗ ಭಾರತವೂ ಸೇರಿದಂತೆ ಕಡಲುಳ್ಳ ದೇಶಗಳು ನಡೆಸಿಕೊಂಡು ಬರುತ್ತಿರುವ ನಿಯಮಗಳು.

ಆದರೆ ಈ ಗ್ರಂಥದಲ್ಲಿ ಹುಟ್ಟು ಹಾಕುವವನನ್ನು ಹುಡುಕಿದರೆ ಆಶ್ಚರ್ಯ ಕಾದಿರುತ್ತದೆ. ಎಂಜಿನ್ ಹಡಗು ಹಾಯಿದೋಣಿಗೆ ದಾರಿ ಬಿಡಬೇಕು, ಮೀನು ಹಿಡಿಯುತ್ತಿರುವ ದೋಣಿಗೆ ದಾರಿ ಬಿಡಬೇಕು ಎಂದು ಹದಿನೆಂಟನೆಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಬರಿಯ ಹುಟ್ಟಿನ ದೋಣಿಯ ಹೆಸರು ಅಲ್ಲಿಲ್ಲ. ಮೀನು ಹಿಡಿಯುವವನೆಂಬ ನೆಲೆಯಲ್ಲಾದರೂ ಅವನಿಗೆ ರಕ್ಷಣೆ ಇದೆಯೇ ಎಂದರೆ, ದೋಣಿಯ ತಿರುಗಾಟಕ್ಕೆ ತೊಡಕಾಗುವಂಥ ಬಲೆ, ಹಗ್ಗಗಳಿದ್ದರೆ ಮಾತ್ರ ಕಾನೂನಿನ ಕಣ್ಣಲ್ಲಿ ಅದು ಮೀನುಗಾರಿಕೆ. ಭಾರೀ ಬಲೆ ಎಳೆಯುತ್ತ ಬರುವ ಟ್ರಾಲ್ ಬೋಟು ಮೀನು ಹಿಡಿಯುತ್ತಿದೆ, ಒಂದು ಗಾಳ ಎಳೆದುಕೊಂಡು ಹೋಗುವ ಕಯಾಕಿನವನು ಹಿಡಿಯುತ್ತಿಲ್ಲ! ಹುಟ್ಟಿನ ದೋಣಿಯನ್ನು ನಿಯಮಗಳು ಹೆಸರಿಸುವುದು ದೀಪದ ವಿಷಯ ಬಂದಾಗ. ರಾತ್ರಿ ಹೊತ್ತು ಬೇರೆ ದೀಪಗಳಿಲ್ಲದಿದ್ದರೆ ಬಿಳಿ ಬೆಳಕಿನ ಟಾರ್ಚನ್ನೋ ಲಾಂದ್ರವನ್ನೋ ಕೈಗೆಟುಕುವಂತೆ ಇಟ್ಟುಕೊಂಡು, ಡಿಕ್ಕಿ ತಪ್ಪಿಸಲು ಸಾಕಾಗುವಷ್ಟು ಮುಂಚೆಯೇ ತೋರಿಸಬೇಕಂತೆ. ಉಳಿದಂತೆ ಅವನ ರಕ್ಷಣೆ ನಿಂತಿರುವುದು ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ನಿಯಮಗಳ ಮೇಲೆ. ಕಣ್ಣು, ಕಿವಿ ತೆರೆದು ಕಾವಲಿರಬೇಕು, ನಿಲ್ಲಿಸಲು ಸಾಧ್ಯವಾಗುವ ವೇಗದಲ್ಲಿ ಸಾಗಬೇಕು, ನಾವಿಕರ ರೂಢಿಯ ಎಚ್ಚರಿಕೆಯನ್ನು ಬಿಡಬಾರದು. ಉರ್ದುವಿನಲ್ಲಿ ಇಂಥದ್ದಕ್ಕೆ ಅದಬ್ ಎಂಬ ಮಾತಿದೆ. ಕಾನೂನಿನ ಸಾಲು ಮುಗಿದ ಮೇಲೂ ಉಳಿಯುವ ನಡವಳಿಕೆ ಅದು.

ಆದರೆ ಬರಿಯ ಸೌಜನ್ಯವನ್ನು ನೆಚ್ಚಿಕೊಂಡರೆ ಏನಾಗುತ್ತದೆಂಬುದನ್ನು ನಮ್ಮ ಪಶ್ಚಿಮ ಕರಾವಳಿ ಕಂಡಿದೆ. ಇಲ್ಲಿಯ ಕಡಲು ಎಲ್ಲರದಾಗಿತ್ತು. ಮೊಗವೀರರು, ಖಾರ್ವಿಗಳು, ಹರಿಕಂತ್ರರು, ಉತ್ತರ ಕನ್ನಡದ ದಾಲ್ದಿ ಮುಸ್ಲಿಮರು ಅದೇ ನೀರಿನಲ್ಲಿ ಬಲೆ ಬೀಸಿದರು. ನಮ್ಮ ದೋಣಿಯ ಮಾತುಗಳಲ್ಲೂ ಆ ಬೆರಕೆ ಇದೆ. ಬಂದರು ಪಾರಸಿಯಿಂದ ಬಂತು, ಚುಕ್ಕಾಣಿ ಅರಬ್ಬಿಯ ಸುಕ್ಕಾನ್‌ನಿಂದ. ಒಂದೇ ಮರ ಕೊರೆದು ಮಾಡಿದ ಪಾತಿ ದೋಣಿಯೂ, ಹತ್ತಾರು ಜನ ಸೇರಿ ದಡಕ್ಕೆ ಎಳೆಯುವ ರಂಪಣಿ ಬಲೆಯ ದೊಡ್ಡ ದೋಣಿಯೂ ಹುಟ್ಟು, ಹಾಯಿಗಳ ವೇಗದಲ್ಲೇ ಸಾಗುತ್ತಿದ್ದವು.

1952ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆ, ನಾರ್ವೆ ಮತ್ತು ಭಾರತ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಮರುವರ್ಷ ಕೊಲ್ಲಂ ಹತ್ತಿರದ ನೀಂಡಕರ ಭಾಗದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಆರಂಭವಾಯಿತು. ಬಡ ಮೀನುಗಾರನ ದೋಣಿಗೆ ಎಂಜಿನ್ ಕೊಟ್ಟು ಅವನ ಬಾಳು ಹಸನು ಮಾಡುವುದು ಉದ್ದೇಶ. 1960ರ ದಶಕದಲ್ಲಿ ಯೋಜನೆ ನಮ್ಮ ಕಾರವಾರಕ್ಕೂ ಬಂತು. ಆದರೆ ಅಷ್ಟರಲ್ಲಿ ಹೊರದೇಶಗಳಲ್ಲಿ ಸಿಗಡಿಗೆ ಬೆಲೆ ಬಂದಿತ್ತು. ದುಡ್ಡುಳ್ಳವರು ಟ್ರಾಲ್ ಬೋಟುಗಳನ್ನು ಇಳಿಸಿದರು. ಸಿಗಡಿ ಹೆಚ್ಚಾಗಿ ಸಿಗುವುದು ದಡದ ಹತ್ತಿರದ ಆಳವಿಲ್ಲದ ನೀರಿನಲ್ಲಿ. ಆಳಕ್ಕೆ ಹೋಗಬಲ್ಲ ಬೋಟುಗಳು, ಆಳಕ್ಕೆ ಹೋಗಲಾರದವರ ನೀರಿಗೇ ಬಂದವು. ಚಿಕ್ಕವರ ಬಲೆಗಳು ಹರಿದವು. 1970ರ ದಶಕದ ಉತ್ತರಾರ್ಧದಲ್ಲಿ ಕರ್ನಾಟಕದ ಕಡಲಿಗೆ ಪರ್ಸೀನ್ ಬೋಟುಗಳು ಬಂದವು. ಬಂಗುಡೆ, ಬೂತಾಯಿಯ ಹಿಂಡುಗಳನ್ನು ಅವು ದಡ ಮುಟ್ಟುವ ಮೊದಲೇ ಸುತ್ತುವರಿದವು. ದಡದಲ್ಲಿ ಕಾಯುತ್ತಿದ್ದ ರಂಪಣಿಯವರ ಪಾಲಿಗೆ ಮೀನೇ ಉಳಿಯಲಿಲ್ಲ.

ಗೋವಾದಲ್ಲಿ, ಕೇರಳದಲ್ಲಿ ಮೀನುಗಾರರು ಬೀದಿಗಿಳಿದರು. ಯಾವ ದೋಣಿಗೆ ಯಾವ ನೀರು ಎಂದು ವಿಂಗಡಿಸಲು ಕೇಂದ್ರ ಸರ್ಕಾರ 1976ರಲ್ಲಿ ಮಜುಂದಾರ್ ಸಮಿತಿಯನ್ನು ನೇಮಿಸಿತು. ಕೇರಳ ಮತ್ತು ಗೋವಾಗಳಲ್ಲಿ 1980ರಲ್ಲಿ, ಕರ್ನಾಟಕದಲ್ಲಿ 1986ರಲ್ಲಿ ಕಡಲ ಮೀನುಗಾರಿಕೆಯ ನಿಯಂತ್ರಣ ಕಾಯಿದೆಗಳು ಬಂದವು. ದಡದ ಹತ್ತಿರದ ನೀರನ್ನು ಸಾಂಪ್ರದಾಯಿಕ ದೋಣಿಗಳಿಗೆ ಮೀಸಲಿಡುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು. ಮಳೆಗಾಲದ ನಿಷೇಧ ಕಾಲವನ್ನೂ ಹಂಚಿತು. 2015ರಿಂದ ಪಶ್ಚಿಮ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ, ಎಂಜಿನ್ ಇಲ್ಲದ ಸಾಂಪ್ರದಾಯಿಕ ದೋಣಿಗಳಿಗೆ ವಿನಾಯಿತಿ ಇದೆ. 1840ರ ಮಾತೇ ಬೇರೆ ವೇಷದಲ್ಲಿ ಇಲ್ಲಿ ಮರಳಿ ಬಂದಿದೆ. ಅನುಕೂಲ ಗಾಳಿ ಇರುವವನು ಸ್ವಲ್ಪ ದೂರ ಹೋಗಲಿ, ಸ್ವಲ್ಪ ದಿನ ಕಾಯಲಿ.

ಇಷ್ಟಾದರೂ ದೊಡ್ಡವರು ಒಂದು ಕಡೆ, ಚಿಕ್ಕವರು ಇನ್ನೊಂದು ಕಡೆ ಎಂದು ಗೆರೆ ಎಳೆದು ಕೂರುವಂತಿಲ್ಲ. ನಾಡದೋಣಿಗೂ ಈಗ ಹೊರ ಎಂಜಿನ್ ಬಂದಿದೆ. ಪಾತಿಯಲ್ಲಿ ಗಾಳ ಹಾಕುವವನಿಗೆ, ಕಯಾಕಿನವನಿಗೆ ಅದೂ ದೊಡ್ಡದೇ. ಇನ್ನು ಟ್ರಾಲ್ ಬೋಟಿನವನಿಗಿಂತಲೂ ದೊಡ್ಡವರಿದ್ದಾರೆ. 2021ರ ಏಪ್ರಿಲ್‌ನಲ್ಲಿ ಕೇರಳದ ಬೇಪೂರಿನಿಂದ ಹೊರಟಿದ್ದ ಮೀನುಗಾರಿಕೆಯ ಬೋಟಿಗೂ ಸಿಂಗಾಪುರದ ಸರಕುಹಡಗೊಂದಕ್ಕೂ ಮಂಗಳೂರಿನಾಚೆಯ ಕಡಲಿನಲ್ಲಿ ಅಪರಾತ್ರಿ ಡಿಕ್ಕಿಯಾಯಿತು. ಬೋಟಿನಲ್ಲಿದ್ದವರು 14 ಜನ. ಬದುಕಿ ಬಂದವರು ಇಬ್ಬರು. ತಮಿಳುನಾಡಿನ, ಬಂಗಾಳದ ಬಡವರ ಮನೆಯ ಮಕ್ಕಳವರು. ಪಾತಿಯವನ ಎದುರು ಬೆಟ್ಟದಂತೆ ಕಾಣುವ ಬೋಟು ಸರಕುಹಡಗಿನ ಎದುರು ಒಂದು ಚುಕ್ಕೆ. ಇದನ್ನು ನೆನಪಿಟ್ಟುಕೊಂಡ ಬೋಟಿನವನು ಕಯಾಕನ್ನು ಕಂಡಾಗ ಕೈ ತಾನಾಗಿ ವೇಗ ಇಳಿಸೀತು.

ಹಾಗಾದರೆ ಎಂಜಿನ್ ಇರುವವನ ಸೌಜನ್ಯವೇನು? ಮೂತಿ ಎತ್ತಿಕೊಂಡು ಓಡುವಾಗ ಮುಂದೆ ನೋಡಲು ಒಬ್ಬನನ್ನು ನಿಲ್ಲಿಸುವುದು. ಚಿಕ್ಕ ದೋಣಿ ಕಂಡರೆ ದೂರದಲ್ಲೇ ವೇಗ ಇಳಿಸುವುದು, ಹತ್ತಿರ ಬಂದು ಇಳಿಸಿದರೆ ಬೋಟು ಎಬ್ಬಿಸಿದ ಅಲೆ ಮುಂದೆ ಓಡಿ ದೋಣಿಯನ್ನು ಮಗುಚಬಹುದು. ಅದರ ಎದುರಿನಿಂದಲ್ಲ, ಹಿಂದಿನಿಂದ ಹಾದು ಹೋಗುವುದು. ಗಾಳದ ದಾರ ಎಷ್ಟು ದೂರ ಹೋಗಿದೆಯೆಂದು ಕಾಣದಿರುವುದರಿಂದ ಸಾಕಷ್ಟು ಅಂತರ ಬಿಡುವುದು. ಏನು ಮೀನು ಸಿಕ್ಕಿತೆಂದು ನೋಡುವ ಕುತೂಹಲಕ್ಕೆ ಹತ್ತಿರ ನುಗ್ಗದಿರುವುದು.

ಹುಟ್ಟಿನವನ ಪಾಲಿನ ಕೆಲಸವೂ ಕಡಿಮೆಯಿಲ್ಲ. ದಾರಿ ತನ್ನದೆಂಬ ಹಟ ನೀರಿನಲ್ಲಿ ತೇಲಿಸುವುದಿಲ್ಲ, ಜೀವರಕ್ಷಕ ಜಾಕೆಟ್ ತೇಲಿಸುತ್ತದೆ. ಬೇಟೆಗಾರನ ಕಾಣದಿರುವ ಗುಣವನ್ನು ಅವನು ಮೊದಲು ಬಿಡಬೇಕು. ಎದ್ದು ಕಾಣುವ ಬಟ್ಟೆ, ಹುಟ್ಟಿನ ಅಲಗಿಗೆ ಗಾಢ ಬಣ್ಣ, ದೋಣಿಯ ಹಿಂಬದಿಗೆ ಉದ್ದ ಕೋಲಿನ ಬಾವುಟ, ಕೊರಳಲ್ಲಿ ಸೀಟಿ, ಬೆಳಕು ಮಸುಕಾಗುವ ಮೊದಲೇ ಹಚ್ಚಿದ ಬಿಳಿ ದೀಪ. ಬೋಟು ಹತ್ತಿರವಾದಾಗ ಅತ್ತಿತ್ತ ಗಾಬರಿಯಿಂದ ತಿರುಗಬಾರದು. ತಾನು ಎತ್ತ ಹೋಗುತ್ತಿದ್ದೇನೆಂಬುದು ಎದುರಿನವನಿಗೆ ಖಚಿತವಾಗಬೇಕು. ಅಲೆ ಬಂದರೆ ಪಕ್ಕೆಯೊಡ್ಡದೆ ಮೂತಿಯೊಡ್ಡಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಅಳಿವೆಯ ಪಾಠ. ನದಿ ಕಡಲನ್ನು ಸೇರುವ ಆ ಇಕ್ಕಟ್ಟಿನಲ್ಲಿ ಎರಡೂ ಬದಿಗೆ ಮರಳಿನ ದಿಬ್ಬಗಳಿರುತ್ತವೆ. ಮೀನು ತುಂಬಿಕೊಂಡು ಭಾರವಾಗಿ ಬರುವ ಬೋಟು ಅಲ್ಲಿ ಬದಿಗೆ ಸರಿದರೆ ಮರಳು, ನಿಂತರೆ ಹಿಂದಿನಿಂದ ಅಲೆ. ಅಡ್ಡ ತಿರುಗಿ ಮಗುಚಿದರೆ ಅದರಲ್ಲಿರುವವರ ಪ್ರಾಣವೂ ಪ್ರಾಣವೇ. ಕಯಾಕಿಗಾದರೋ ಮೊಣಕಾಲುದ್ದ ನೀರು ಸಾಕು, ಎತ್ತ ಬೇಕಾದರೂ ಸರಿಯಬಹುದು. ಆದ್ದರಿಂದಲೇ ಇಂಥ ಇಕ್ಕಟ್ಟಿನ ಕಾಲುವೆಗಳಲ್ಲಿ ಚಿಕ್ಕ ದೋಣಿ ದೊಡ್ಡದಕ್ಕೆ ಅಡ್ಡಿಯಾಗಬಾರದೆಂದು ಒಂಬತ್ತನೆಯ ನಿಯಮ ಹೇಳುತ್ತದೆ. ಕಾಲುವೆಯ ನಡುವೆ ಲಂಗರು ಹಾಕಿ ಗಾಳ ಬಿಡಬಾರದು. ದಾಟಲೇಬೇಕಿದ್ದರೆ ಬೋಟುಗಳಿಲ್ಲದ ಹೊತ್ತು ನೋಡಿ, ನೇರ ಅಡ್ಡವಾಗಿ, ಬೇಗನೆ, ಜೊತೆಯವರಿದ್ದರೆ ಗುಂಪಾಗಿ ದಾಟಬೇಕು.

ಇಲ್ಲಿ ನಿಯಮ ತಿರುವುಮುರುವಾದಂತೆ ಕಾಣಬಹುದು. ಆಗಿಲ್ಲ. ಅಳಿವೆಯಲ್ಲಿ ಅನುಕೂಲ ಗಾಳಿ ಇರುವುದು ಚಿಕ್ಕವನ ಕಡೆಗೆ, ಆದ್ದರಿಂದ ದಾರಿ ಬಿಡುವ ಸರದಿ ಅವನದು. ಬಯಲು ಕಡಲಿಗೆ ಹೋದ ಕೂಡಲೇ ಗಾಳಿ ಮತ್ತೆ ಎಂಜಿನ್ನಿನ ಕಡೆಗೆ ತಿರುಗುತ್ತದೆ, ಸರದಿಯೂ ತಿರುಗುತ್ತದೆ. 1840ರವರು ಹಡಗಿನ ಗಾತ್ರ ಕೇಳಲಿಲ್ಲ, ಒಡೆಯನ ಅಂತಸ್ತು ಕೇಳಲಿಲ್ಲ. ಈ ಗಳಿಗೆಯಲ್ಲಿ ಸುಲಭವಾಗಿ ಸರಿಯಬಲ್ಲವರು ಯಾರು ಎಂದಷ್ಟೇ ಕೇಳಿದರು. ನೆಲದ ಮೇಲೆ, ನಾವು ನಾವೇ ಇರುವ ಊರುಕೇರಿಗಳಲ್ಲೂ ಈ ಪ್ರಶ್ನೆಯನ್ನು ಕೇಳಿಕೊಳ್ಳಬಹುದು. ಎಲ್ಲ ಕಡೆಯೂ ಯಾವಾಗಲೂ ಚಿಕ್ಕವರಾಗಿಯೇ ಇರುವವರು ನಮ್ಮಲ್ಲಿ ಕಡಿಮೆ.