ಹೊತ್ತಲ್ಲದ ಹೊತ್ತಿಗೆ ಬಂದವರು

ಶಿರವಾಳದ ಹಳೆಯ ಗುಡಿಗಳನ್ನು ನೋಡಲು ಬರುವವರು ಸಾಮಾನ್ಯವಾಗಿ ಶಹಾಪುರದಿಂದ ಬೆಳಗ್ಗೆಯೇ ಹೊರಟು ಬಿಸಿಲೇರುವುದರೊಳಗೆ ವಾಪಸಾಗುತ್ತಾರೆ. ನನಗೆ ಆ ಅನುಕೂಲವಿಲ್ಲ. ಅದು ನನ್ನ ಅವ್ವನ ತವರೂರು. ಒಂದು ಕಂಬದ ಫೋಟೊ ತೆಗೆಯಲು ಹೋದರೂ ಆಯಿಯ ಮನೆಗೆ ಸುದ್ದಿ ಮುಟ್ಟುತ್ತದೆ, ಉಣ್ಣದೆ ಊರು ಬಿಡುವಂತಿಲ್ಲ.

ನಾನು ಪಿಎಚ್.ಡಿ.ಗೆ ಓದುತ್ತಿರುವುದು ಕಲ್ಯಾಣ ಚಾಲುಕ್ಯರ ಕಾಲದ ದತ್ತಿ ಶಾಸನಗಳನ್ನು. ಅದರಲ್ಲೂ ಊಟಕ್ಕೆ ಬಿಟ್ಟ ದತ್ತಿಗಳು: ದೇವರ ನೈವೇದ್ಯಕ್ಕೆ ಇಷ್ಟು ಮತ್ತರು ಭೂಮಿ, ತಪೋಧನರ ಆಹಾರದಾನಕ್ಕೆ ಇಷ್ಟು, ಸತ್ರಕ್ಕೆ ಇಷ್ಟು, ಓದುವ ಹುಡುಗರ ಅಶನಾಚ್ಛಾದನಕ್ಕೆ ಇಷ್ಟು. ಎರಡು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಆಯಿಯ ಪಡಸಾಲೆಯಲ್ಲಿ ಕೂತು ಖಂಡುಗ, ಕೊಳಗ, ಬಳ್ಳ, ಮಾನ, ಸೊಲಗೆಗಳ ಪಟ್ಟಿ ಮಾಡುತ್ತಿದ್ದೆ. ಆಯಿ ಏನು ಬರೆಯುತ್ತಿ ಎಂದು ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊತ್ತಿಗೆ ಸರಿಯಾಗಿ ಉಣ್ಣೋರ ಲೆಕ್ಕ ಬರದಾರ ಅಂತಾತು. ಹೊತ್ತಲ್ಲದ ಹೊತ್ತಿನಾಗ ಬಂದವರ ಲೆಕ್ಕ ಎಲ್ಲದ ತಂಗಿ?" ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಇವತ್ತಿಗೂ ಪೂರ್ತಿ ಇಲ್ಲ. ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿ ಅಲೆದದ್ದು.

ಆಯಿ ಹೇಳಿದ್ದು ನಿಜ. ನಮ್ಮ ಭಾಗದ ಬರೆದಿಟ್ಟ ಅನ್ನದ ಚರಿತ್ರೆಯೆಲ್ಲ ಮೊದಲೇ ಗೊತ್ತಿದ್ದ ಊಟದ ಚರಿತ್ರೆ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ 1058ರ ಶಾಸನವಿದೆ. ಅಲ್ಲಿನ ಘಟಿಕಾಸ್ಥಾನದಲ್ಲಿ ವೇದ ಓದುವ 200 ವಿದ್ಯಾರ್ಥಿಗಳಿದ್ದರು, ಪುಸ್ತಕ ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ತಲೆ ಎಣಿಸಿ ದತ್ತಿ ಬಿಟ್ಟಿದ್ದಾರೆ. ಇನ್ನೂರ ಒಂದನೆಯವನು ಸಂಜೆ ನಾಲ್ಕಕ್ಕೆ ಬಂದು ಕಟ್ಟೆಯ ಮೇಲೆ ಕೂತರೆ ಅವನಿಗೇನು ಕೊಟ್ಟರು ಎಂದು ಕಲ್ಲು ಹೇಳುವುದಿಲ್ಲ.

ಗ್ರಂಥಗಳೂ ಅಷ್ಟೆ. ಎರಡನೆಯ ಚಾವುಂಡರಾಯನ 'ಲೋಕೋಪಕಾರ' (1025) ನೀರು ಹುಡುಕುವುದರಿಂದ ಹಿಡಿದು ಸುಗಂಧದ್ರವ್ಯದವರೆಗೆ ಮನೆವಾರ್ತೆಗೆ ಬೇಕಾದದ್ದನ್ನೆಲ್ಲ ಕನ್ನಡದಲ್ಲಿ ಹೇಳುತ್ತದೆ, ಅಡುಗೆಗೂ ಒಂದು ಅಧ್ಯಾಯ ಕೊಡುತ್ತದೆ. ನೂರು ವರ್ಷದ ನಂತರ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಅನ್ನಭೋಗವನ್ನೇ ವಿಸ್ತಾರವಾಗಿ ವರ್ಣಿಸುತ್ತದೆ. ಇಡ್ಲಿಯ ಪೂರ್ವಜ ಎನ್ನಲಾಗುವ ಇಡ್ಡರಿಕಾ ಅಲ್ಲಿದೆ, ದೋಸೆಯ ಪೂರ್ವಜವಿದೆ, ಆಮೆಯೂ ಹೊಲದ ಇಲಿಯೂ ಇವೆ. ಓದಲು ಬಲು ರುಚಿ. ಆದರೆ ಸೋಮೇಶ್ವರನ ಅಡುಗೆಮನೆಯಲ್ಲಿ ಯಾರಿಗೂ ಅವಸರವಿಲ್ಲ. ಅರಮನೆಗೆ ಹೇಳದೆ ಕೇಳದೆ ಬಂದವನನ್ನು ಬಾಗಿಲ ಕಾವಲಿನವನು ನೋಡಿಕೊಳ್ಳುತ್ತಾನೆ. ಶಿರವಾಳದ ಮನೆಗೆ ಬಂದವನನ್ನು ಒಲೆಯ ಮುಂದಿನ ಹೆಂಗಸು ನೋಡಿಕೊಳ್ಳಬೇಕು.

ಅವಳು ಏನು ಮಾಡುತ್ತಾಳೆ? ಈಗ ಕೇಳಿದರೆ ಸುಸಲಾ. ಕಲಬುರಗಿ, ಯಾದಗಿರಿ, ರಾಯಚೂರಿನ ಓದುಗರಿಗೆ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಮಂಡಾಳನ್ನು ನೀರಲ್ಲಿ ಅದ್ದಿ, ಕೂಡಲೇ ಎತ್ತಿ, ಎರಡೂ ಅಂಗೈ ನಡುವೆ ಹಿಂಡಿ ಬುಟ್ಟಿಗೆ ಹಾಕಬೇಕು. ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಅರಿಶಿಣ. ಉಳ್ಳಾಗಡ್ಡಿ ಮೆತ್ತಗಾದ ಮೇಲೆ ಹಿಂಡಿದ ಮಂಡಾಳು, ಅದರ ಮೇಲೆ ಪುಟಾಣಿ ಹಿಟ್ಟು, ಉಪ್ಪು, ಲಿಂಬಿಹುಳಿ. ಆಯಿಯ ಪ್ರಕಾರ ಇಡೀ ಕೆಲಸದಲ್ಲಿ ಕಲಿಯಬೇಕಾದದ್ದು ಒಂದೇ, ಹಿಂಡುವುದು. ಸಡಿಲ ಹಿಂಡಿದರೆ ಅಂಬಲಿ, ಬಿಗಿ ಹಿಂಡಿದರೆ ಉಂಡಿ. ಬಂದವರು ಕಾಲು ತೊಳೆದು, ನೀರು ಕುಡಿದು, ಮಳೆಬೆಳೆ ಮಾತಾಡಿ ಮುಗಿಸುವುದರೊಳಗೆ ತಾಟು ಮುಂದೆ ಬಂದಿರುತ್ತದೆ. ಇದೇ ಕಾಳನ್ನು ಹುಬ್ಬಳ್ಳಿ ಕಡೆ ಚುನಮುರಿ, ದಾವಣಗೆರೆ ಕಡೆ ಮಂಡಕ್ಕಿ, ಮೈಸೂರು ಕಡೆ ಪುರಿ ಎನ್ನುತ್ತಾರೆ. ಹಾಸ್ಟೆಲಿನಲ್ಲಿ ಈ ಹೆಸರುಗಳ ಮೇಲೆ ನಡೆದ ಜಗಳಗಳು ನನ್ನ ಪ್ರಬಂಧದ ಒಂದು ಅಧ್ಯಾಯಕ್ಕೆ ಸಾಕು.

ಆದರೆ ಈ ತಾಟಿನಲ್ಲಿರುವ ಹಲವು ಪದಾರ್ಥಗಳು ಸೋಮೇಶ್ವರನಿಗೇ ಗೊತ್ತಿರಲಿಲ್ಲ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಬಂದದ್ದು, ಶೇಂಗಾ ಕೂಡ ಆಚೆ ಖಂಡದ್ದೇ. ಖಾರಕ್ಕೆ ಮೊದಲು ಇದ್ದದ್ದು ಕಾಳುಮೆಣಸು, ಶುಂಠಿ, ಹಿಪ್ಪಲಿ. ಉಣ್ಣುವ ಜೋಳವೇ ಆಫ್ರಿಕಾ ಮೂಲದ್ದು. ಅದಕ್ಕೂ ಹಿಂದಿನ ಈ ನೆಲದ ಜನ ಏನು ತಿಂದರು ಎಂದರೆ, ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ಸಿಕ್ಕ ಸುಟ್ಟ ಕಾಳುಗಳನ್ನು ಪರೀಕ್ಷಿಸಿದವರು ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯಗಳ ಹೆಸರು ಹೇಳುತ್ತಾರೆ. ನಮ್ಮ ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ಉತ್ಖನನ ಮಾಡಿದಾಗ ಬೂದಿದಿಬ್ಬದ ಜೊತೆಗೆ ದನಗಳನ್ನು ಕಡಿದು ಪಾಲು ಮಾಡುತ್ತಿದ್ದ ಒಂದು ನೆಲವೇ ಸಿಕ್ಕಿತು. ಅಲ್ಲಿಯೂ ಉಳಿದದ್ದು ಹಬ್ಬದ ಕುರುಹು, ನೋಡಿ. ನಾಲ್ಕು ಸಾವಿರ ವರ್ಷದ ಹಿಂದೆಯೂ ಊರೆಲ್ಲ ಕೂಡಿ ಉಂಡದ್ದರ ಎಲುಬು ಉಳಿದಿದೆ. ಅಡ್ಡದಾರಿ ಹಿಡಿದು ಬಂದ ಒಬ್ಬನಿಗೆ ಕೊಟ್ಟ ಬೊಗಸೆ ಹುರಿದ ಕಾಳು ಉಳಿದಿಲ್ಲ.

ಹುರಿದ ಕಾಳು ಎಂದೆ. ನನ್ನ ಅನುಮಾನ ಅದರ ಮೇಲೆಯೇ. ಮೆಣಸಿನಕಾಯಿ ಹೊಸದಾಗಿರಬಹುದು, ತಂತ್ರ ಹಳೆಯದು. ಋಗ್ವೇದದಲ್ಲೇ ಜರಡಿ ಹಿಡಿದ ಸಕ್ತುವಿನ ಮಾತಿದೆ. ಸಕ್ತು ಎಂದರೆ ಹುರಿದ ಧಾನ್ಯದ ಹಿಟ್ಟು, ನಮ್ಮ ಹುರಿಹಿಟ್ಟು. ಅರಳು, ಅವಲಕ್ಕಿ, ಹುರಿಗಡಲೆ ಎಲ್ಲವೂ ಒಂದೇ ಕುಲದವು: ಯಾವಾಗಲೋ ಬೆಂಕಿ ತಾಗಿಸಿ ಇಟ್ಟ, ಬೇಕಾದಾಗ ನೀರು ತಾಗಿಸಿದರೆ ಸಾಕಾಗುವ ಅನ್ನ. ಯಾತ್ರಿಕರ ಬುತ್ತಿ ಇದು, ದಂಡಿನವರ ಬುತ್ತಿ ಇದು. ಮನೆಗೆ ದಿಢೀರನೆ ಬಂದವರಿಗೂ ಇದೇ ಆಗಿರಬೇಕು.

'ದಿಢೀರ್' ಎನ್ನುವ ಮಾತಿನ ಬಗ್ಗೆ ನನಗೆ ತಕರಾರಿದೆ. ಹತ್ತು ನಿಮಿಷದ ಸುಸಲಾದ ಹಿಂದೆ ಎಷ್ಟು ದಿನ ಇವೆ ಎಂದು ಒಮ್ಮೆ ಲೆಕ್ಕ ಹಾಕಿದೆ. ಭತ್ತ ನೆನೆಸಿ, ಕುದಿಸಿ, ಒಣಗಿಸಿ, ಹೊಟ್ಟು ತೆಗೆದು, ಆ ಅಕ್ಕಿಗೆ ಉಪ್ಪುನೀರು ತಾಗಿಸಿ, ಕಾದ ಉಸುಕಿನಲ್ಲಿ ಹುರಿದರೆ ಮಂಡಾಳು. ಭಟ್ಟಿಯ ಮುಂದೆ ನಿಂತವರ ಮುಖ ನೋಡಿದರೆ ಅದನ್ನು ದಿಢೀರ್ ಎನ್ನಲು ಬಾಯಿ ಬರುವುದಿಲ್ಲ. ಇನ್ನು ಖಡಕ್ ರೊಟ್ಟಿ: ನಸುಕಿನಲ್ಲೆದ್ದು ಬಡಿದು, ಬೇಯಿಸಿ, ಹಂಚಿನ ಪಕ್ಕ ನಿಲ್ಲಿಸಿ ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಜಾಳಿಗೆಯಲ್ಲಿ ಇಟ್ಟದ್ದು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಹುರಿದು ಕುಟ್ಟಿ ತುಂಬಿಟ್ಟದ್ದು. ಗಿರಣಿ ಬರುವ ಮೊದಲು ಇದಕ್ಕೆಲ್ಲ ಬೀಸುಕಲ್ಲು, ಒಳಕಲ್ಲು. ಜುಣಕ ಒಂದೇ ನಿಜಕ್ಕೂ ಗಳಿಗೆಯಲ್ಲಿ ಆಗುವುದು, ಅದಕ್ಕೂ ಕಡಲೆಹಿಟ್ಟು ಬೀಸಿರಬೇಕು. ಬಂದವನ ಮುಂದೆ ಹತ್ತು ನಿಮಿಷದಲ್ಲಿ ಬಿಚ್ಚಿಟ್ಟದ್ದು ಒಬ್ಬ ಹೆಂಗಸಿನ ಹತ್ತು ನಸುಕುಗಳು. ಅವನಿಗೆ ಅದು ಕಾಣುವುದಿಲ್ಲ, ಕಾಣಬಾರದು ಎನ್ನುವುದೇ ಆ ಅಡುಗೆಯ ಮರ್ಯಾದೆ.

ಇಲ್ಲಿ ನನಗೊಂದು ತೊಡಕು ಎದುರಾಗುತ್ತದೆ. ಕೃಷ್ಣೆಯ ಆಚೆ, ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮರ ಕಥೆ ಎಲ್ಲರಿಗೂ ಗೊತ್ತು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ. ಲಕ್ಕಮ್ಮ ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಇಂದಿನ ದಾಸೋಹಕ್ಕೆ ಇಂದಿನ ಕಾಯಕ ಸಾಕು, ಕೂಡಿಡುವುದು ಆಸೆ. ಬಿ.ಎ. ತರಗತಿಯಲ್ಲಿ ಇದನ್ನು ಓದಿ ಪುಳಕಗೊಂಡವಳು ನಾನು. ಆಯಿಗೆ ಹೇಳಿದಾಗ ಅವಳು ಒಪ್ಪಲಿಲ್ಲ. "ಆಕಿ ದೊಡ್ಡಾಕಿ. ನಮ್ಮ ಮನಿಗೆ ಬೀಗರು ಬಂದಾಗ ಗಡಿಗ್ಯಾಗ ಒಂದ್ ಹಿಡಿ ಇರದಿದ್ರ ಮಾನ ಯಾರದು ಹೋಗ್ತದ?" ಲಕ್ಕಮ್ಮನ ಬಡತನಕ್ಕೆ ಒಂದು ಘನತೆಯಿತ್ತು, ಸುತ್ತ ಶರಣರ ಒಂದು ಊರೇ ಇತ್ತು. ಆಯಿಯ ಸುತ್ತ ಇದ್ದದ್ದು ಅತ್ತೆ, ನಾದಿನಿಯರು. ನನಗೆ ಇಬ್ಬರೂ ಸರಿ ಎನಿಸುತ್ತಾರೆ. ಮಾರ್ಗದರ್ಶಕರ ಮುಂದೆ ಹೀಗೆ ಹೇಳಿದರೆ ನಡೆಯುವುದಿಲ್ಲ, ಇಲ್ಲಿ ನಡೆಯಬಹುದು.

ಗಡಿಗೆಯಲ್ಲಿ ಹಿಡಿಯೂ ಇಲ್ಲದ ದಿನಗಳನ್ನು ಆಯಿ ಕಂಡಿದ್ದಾಳೆ. ಅವಳು ಹುಟ್ಟಿದ್ದು ರಜಾಕಾರರ ಗದ್ದಲದ ವರ್ಷ, ಅಂದರೆ 1948. 1972ರ ಬರದಲ್ಲಿ ಅವಳಿಗೆ ಇಪ್ಪತ್ತನಾಲ್ಕು, ಮೂರು ಮಕ್ಕಳು. ಒಂದು ಸಂಜೆ ಅಜ್ಜನ ಕಡೆಯ ಇಬ್ಬರು ಬೀಗರು ನಡೆದುಕೊಂಡು ಬಂದರಂತೆ. ಮನೆಯಲ್ಲಿ ಹಿಟ್ಟಿಲ್ಲ. ಆಯಿ ಅವರಿಗೆ ನೀರು ಕೊಟ್ಟು ಒಳಗೆ ಹೋಗಿ ಒಲೆ ಹೊತ್ತಿಸಿದಳು. ಎಸರಿಗೆ ಬರೇ ನೀರಿಟ್ಟು, ಕೊಣಮಿಗೆಯಲ್ಲಿ ಕೈ ಬಡಿದು ರೊಟ್ಟಿ ತಟ್ಟಿದ ಸಪ್ಪಳ ಮಾಡಿದಳು. ಆ ಸಪ್ಪಳದ ಮರೆಯಲ್ಲಿ ನನ್ನ ಅವ್ವ ಹಿತ್ತಲ ಬಾಗಿಲಿಂದ ಬಟ್ಟಲು ಹಿಡಿದು ಓಡಿದಳು, ಆರು ವರ್ಷದ ಹುಡುಗಿ. ಮೂರನೆಯ ಮನೆಯಲ್ಲಿ ಹಿಟ್ಟು ಸಿಕ್ಕಿತು. ಎರಡು ರೊಟ್ಟಿ, ಉಪ್ಪುಖಾರ. ಬೀಗರು ಉಂಡರು, ತಾವೂ ಅಂಥದೇ ಮನೆಯಿಂದ ಬಂದಿದ್ದರಿಂದ ಮತ್ತೊಂದು ಕೇಳಲಿಲ್ಲ. ಮಕ್ಕಳು ಅವತ್ತು ಏನು ಉಂಡರು ಎಂದು ಕೇಳಿದೆ. ಆಯಿ ಸೀರೆಯ ಸೆರಗು ಸರಿಮಾಡಿಕೊಂಡು, "ಮಲಗಿದ್ವು" ಅಂದಳು.

ಆ ಬಟ್ಟಲಿನ ಬಗ್ಗೆ ಇನ್ನೊಂದು ಮಾತು. ಕಡ ಕೊಡುವಾಗ ಸಪಾಟು ತುಂಬಿ ಕೊಡುವುದು, ತಿರುಗಿ ಕೊಡುವಾಗ ಗೋಪುರ ಮಾಡಿ ಕೊಡುವುದು ನಮ್ಮ ಓಣಿಯ ರೂಢಿ. ಖಂಡುಗ, ಕೊಳಗಗಳ ನನ್ನ ಪಟ್ಟಿಯಲ್ಲಿ ಬಟ್ಟಲಿಗೆ ಜಾಗವಿಲ್ಲ. ಯಾವ ಅರಸನೂ ಮುದ್ರೆ ಒತ್ತದ ಆ ಅಳತೆಯ ಮೇಲೆ ಎಷ್ಟು ಮನೆಗಳ ಮಾನ ನಿಂತಿತ್ತೋ. ನಾರಾಯಣಪುರದ ಆಣೆಕಟ್ಟಿನ ಕಾಲುವೆಗಳು ಬಂದ ಮೇಲೆ ಶಹಾಪುರ, ಸುರಪುರದ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಈಗ ಬಟ್ಟಲು ಹಿಡಿದು ಹೋಗುವವರು ಕಡಿಮೆ, ಅಂಗಡಿ ಹತ್ತಿರವಿದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಅಜ್ಜಿಯ ಕೈರುಚಿಯ ಲೇಖನವಾಗಿ ಚೆನ್ನಾಗಿರುತ್ತಿತ್ತು. ಆದರೆ ಹೋದ ವರ್ಷ ನಡೆದದ್ದೊಂದನ್ನು ಹೇಳದೆ ಬಿಟ್ಟರೆ ಸುಳ್ಳಾಗುತ್ತದೆ. ನಾನೂ ನನ್ನ ಜೊತೆ ಸಂಶೋಧನೆ ಮಾಡುವ ಗೆಳತಿಯೂ ಒಂದು ಊರಿಗೆ ವೀರಗಲ್ಲು ನೋಡಲು ಹೋಗಿದ್ದೆವು. ಊರಿನ ಹೆಸರು ಬೇಡ. ಬಿಸಿಲಲ್ಲಿ ನಿಂತಿದ್ದ ನಮ್ಮನ್ನು ಒಬ್ಬ ತಾಯಿ ಕರೆದು ಕೂರಿಸಿದಳು. ಮಂಡಾಳು ಹಿಂಡುತ್ತ ಹಿಂಡುತ್ತ, ನೀವು ಯಾವ ಪೈಕಿ ಎಂದು ಕೇಳಿದಳು. ನಾವಿಬ್ಬರೂ ಹೇಳಿದೆವು. ನನಗೆ ಸ್ಟೀಲಿನ ತಾಟು ಬಂತು, ಗೆಳತಿಗೆ ಕಾಗದದ ಪ್ಲೇಟು. ಸುಸಲಾ ಒಂದೇ ಬುಟ್ಟಿಯದು. ಗೆಳತಿ ನನ್ನ ಕಡೆ ನೋಡಲಿಲ್ಲ. ನಾನು ತಾಟು ಕೆಳಗಿಡಲಿಲ್ಲ. ಹಸಿವಾಗಿತ್ತು, ತಿಂದೆ.

ಬಸ್ಸಿನಲ್ಲಿ ಅವಳು ಒಂದೇ ಮಾತು ಅಂದಳು: "ನಿನ್ನ ಪ್ರಬಂಧದಲ್ಲಿ ತಾಟಿನ ಅಧ್ಯಾಯ ಇಲ್ಲೇನು?"

ಹುರಿದ ಧಾನ್ಯದ ಚರಿತ್ರೆಯನ್ನು ಅಷ್ಟು ಉತ್ಸಾಹದಿಂದ ಬೆನ್ನಟ್ಟಿದವಳಿಗೆ ಅದರ ಈ ಮಗ್ಗುಲು ಕಾಣದೇ ಹೋಗಿತ್ತು. ನೀರಲ್ಲಿ ಬೆಂದ ಅನ್ನಕ್ಕಿರುವ ಮಡಿಮೈಲಿಗೆಯ ಕಟ್ಟು ಹುರಿದ ಕಾಳಿಗೆ ಅಷ್ಟು ಬಿಗಿಯಾಗಿರಲಿಲ್ಲ. ಭಟ್ಟಿಯಲ್ಲಿ ಹುರಿದವರು ಯಾರೇ ಆಗಲಿ, ಮಂಡಾಳು, ಪುಟಾಣಿ, ಅವಲಕ್ಕಿ ಎಲ್ಲರ ಮನೆಗೂ ಬರುತ್ತಿದ್ದವು, ಎಲ್ಲರ ಉಡಿಗೂ ಬೀಳುತ್ತಿದ್ದವು. ಅವಸರದ ಅತಿಥಿಗೆ ಇದು ಒದಗಿದ್ದಕ್ಕೆ ಅದು ಬೇಗ ಆಗುತ್ತದೆ ಎನ್ನುವುದೊಂದೇ ಕಾರಣವಲ್ಲ. ಅವನು ಯಾರು ಎಂದು ತಿಳಿಯುವ ಮೊದಲೇ ಕೊಡಬಹುದಾದ ಆಹಾರ ಅದು. ತಿಳಿದ ಮೇಲೂ, ಪಂಕ್ತಿಗೆ ಕರೆಯದೆ ಕಳಿಸಬಹುದಾದ ಆಹಾರ.

ಆಯಿಯನ್ನು ಕೇಳಿದೆ: ನಮ್ಮ ಮನೆಯಲ್ಲಿ ಹೇಗಿತ್ತು? ಅವಳು ಮುಚ್ಚಿಡುವವಳಲ್ಲ. "ಮಂಡಾಳ ಎಲ್ಲರಿಗೂ ಕೊಡ್ತಿದ್ವಿ. ಕೆಲವರಿಗೆ ಪಡಸಾಲ್ಯಾಗ, ಕೆಲವರಿಗೆ ಕಟ್ಟಿ ಕೆಳಗ. ಅವರು ಸೆರಗ ಒಡ್ಡಬೇಕು, ನಾವು ಮ್ಯಾಲಿಂದ ಹಾಕಬೇಕು." 1972ರಲ್ಲಿ ಹಿಟ್ಟು ಕೊಟ್ಟ ಮೂರನೆಯ ಮನೆಯವರು ಯಾರು ಎಂದೂ ಕೇಳಿದೆ. ನಮ್ಮವರೇ ಅಂದಳು. ಅದಕ್ಕೂ ಹತ್ತಿರ, ಹಿತ್ತಲ ಗೋಡೆಗೆ ಹತ್ತಿಕೊಂಡು ಇದ್ದ ಮನೆಯಲ್ಲಿ ಅವತ್ತು ರೊಟ್ಟಿಯ ವಾಸನೆ ಬರುತ್ತಿತ್ತಂತೆ. ಅಲ್ಲಿಗೆ ಯಾಕೆ ಕಳಿಸಲಿಲ್ಲ ಎಂದಾಗ ಆಯಿ ನನ್ನನ್ನು ದಡ್ಡಿಯನ್ನು ನೋಡಿದಂತೆ ನೋಡಿದಳು.

ಕಳೆದ ತಿಂಗಳು ಗೆಳತಿ ನನ್ನ ಜೊತೆ ಶಿರವಾಳಕ್ಕೆ ಬಂದಿದ್ದಳು. ನಾನು ಫೋನು ಮಾಡಿರಲಿಲ್ಲ, ಬೇಕೆಂದೇ. ಗುಡಿಗಳ ಕೆಲಸ ಮುಗಿಸಿ ಮೂರು ಗಂಟೆಗೆ ಮನೆಗೆ ಹೋದೆವು. ಆಯಿಗೆ ಈಗ ಕೀಲುನೋವು, ಕೈ ಹಿಡಿತ ಕಡಿಮೆ. ನನ್ನನ್ನು ಉಳ್ಳಾಗಡ್ಡಿ ಹೆಚ್ಚಲು ಕೂರಿಸಿ, ಗೆಳತಿಗೆ, "ನೀ ಬಾರವ್ವ, ಇದನ್ನ ಹಿಂಡು" ಎಂದು ಒಲೆಯ ಹತ್ತಿರ ಕರೆದಳು. ಅವಳು ಯಾರು ಎಂದು ನಾನು ಹಿಂದಿನ ಸಲವೇ ಹೇಳಿದ್ದೆ. ಗೆಳತಿ ಚೆನ್ನಾಗಿಯೇ ಹಿಂಡಿದಳು. ಮೂವರಿಗೂ ಒಂದೇ ಥರದ ತಾಟು. ಉಪ್ಪು ಸ್ವಲ್ಪ ಮುಂದಾಗಿತ್ತು, ಅದನ್ನು ಹೇಳಿದವಳೂ ಗೆಳತಿಯೇ. ಆಯಿ ನಕ್ಕಳು, ಇನ್ನೊಂದು ಲಿಂಬಿಹಣ್ಣು ಕೊಯ್ದಳು.

ಐದರ ಬಸ್ಸಿಗೆ ಹೊರಟೆವು. ತಾಟುಗಳು ಬಚ್ಚಲ ಹತ್ತಿರ ಇದ್ದವು. ತೊಳೆದಿಟ್ಟು ಬರುತ್ತೇನೆ ಎಂದೆ. ಬೇಡ, ಬಸ್ಸು ತಪ್ಪುತ್ತದೆ, ತಾನೇ ತೊಳೆಯುತ್ತೇನೆ ಎಂದಳು ಆಯಿ. ಮೂರೂ ತಾಟುಗಳನ್ನು ಒಟ್ಟಿಗೆ ತೊಳೆದಳೋ ಇಲ್ಲವೋ ನಾನು ನೋಡಲಿಲ್ಲ. ಆಮೇಲೆ ಫೋನು ಮಾಡಿದಾಗ ಕೇಳಲೂ ಇಲ್ಲ.